ದೃಷ್ಟಿನರದ ವಿಷಬಾಧೆ ಮತ್ತು ಅಕ್ಷಿಪಟದ ರಕ್ತನಾಳಗಳು



ಚರ್ಮವನ್ನು ಸೀಳದೆ, ಸೂಜಿಯನ್ನು ಚುಚ್ಚದೆ, ಜೀವಂತ ಮನುಷ್ಯನ ರಕ್ತನಾಳಗಳನ್ನು ಅವು ಇರುವಲ್ಲಿಯೇ, ಇರುವ ಹಾಗೆಯೇ ಕಣ್ಣಾರೆ ನೋಡಬಹುದಾದ ಸ್ಥಳವೊಂದು ನಮ್ಮ ಶರೀರದಲ್ಲಿ ಉಂಟು. ಅದು ಕಣ್ಣಿನ ಹಿಂಬದಿಯ ಒಳಪದರ. ಅದಕ್ಕೆ ಅಕ್ಷಿಪಟವೆಂದು ಹೆಸರು. ದವಾಖಾನೆಯಲ್ಲಿ ರೆಟಿನಾ ಎನ್ನುತ್ತಾರೆ. ಬಾಯಿಯ ಮೂಲಕ ಒಳಸೇರಿದ ವಿಷವಾಗಲಿ, ರೋಗನಿವಾರಣೆಗೆಂದು ನುಂಗಿದ ಔಷಧವೇ ಆಗಲಿ, ಕಣ್ಣಿನ ನರವನ್ನು ಬಾಧಿಸಿದಾಗ ಆ ರಕ್ತನಾಳಗಳು ಹೇಗೆ ಬದಲಾಗುತ್ತವೆ, ಆ ಬದಲಾವಣೆಯನ್ನು ನಾವು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದೇ ಇಂದಿನ ಮಾತಿನ ವಿಷಯ.

ಇದು ವೈದ್ಯರಿಗೆ ಮಾತ್ರ ಸಂಬಂಧಪಟ್ಟ ಸಂಗತಿಯೆಂದು ದಯವಿಟ್ಟು ಎಣಿಸಬೇಡಿ. ಕ್ಷಯರೋಗದ ಗುಳಿಗೆಗಳನ್ನು ತಿಂಗಳುಗಟ್ಟಲೆ ನುಂಗುತ್ತಿರುವವರು ನಮ್ಮ ಕಲಬುರಗಿಯ ಓಣಿಗಳಲ್ಲಿಯೂ ಇದ್ದಾರೆ, ಕಮಲಾಪುರದ ಸುತ್ತಣ ಹಳ್ಳಿಗಳಲ್ಲಿಯೂ ಇದ್ದಾರೆ. ತಂಬಾಕು ಅಗಿಯುವವರೂ ಬೀಡಿ ಸೇದುವವರೂ ಎಲ್ಲ ಊರಲ್ಲಿಯೂ ಇದ್ದಾರೆ. ಎಲ್ಲಿ ಕಾಯಿಸಿದರೋ ಯಾರು ಬೆರೆಸಿದರೋ ತಿಳಿಯದ ಕಳ್ಳಭಟ್ಟಿಯನ್ನು ಅಗ್ಗವೆಂದು ಕುಡಿಯುವ ದುರ್ದೈವಿಗಳೂ ಇದ್ದಾರೆ. ಇವರೆಲ್ಲರ ದೃಷ್ಟಿಯನ್ನು ಕಾಯುವ ಕೆಲಸ ವೈದ್ಯನಿಂದ ಆರಂಭವಾಗುವುದಿಲ್ಲ. ಅವರಿಂದಲೇ, ಅವರ ಮನೆಯವರಿಂದಲೇ ಆರಂಭವಾಗುತ್ತದೆ. ಹೇಗೆಂಬುದನ್ನು ಕ್ರಮವಾಗಿ ನೋಡೋಣ.

ಮೊದಲು ಆರೋಗ್ಯವಾದ ಕಣ್ಣಿನ ಒಳಭಾಗವನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿ. ಜರ್ಮನಿಯ ವಿಜ್ಞಾನಿ ಹೆರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ೧೮೫೧ರಲ್ಲಿ ನೇತ್ರದರ್ಶಕವೆಂಬ ಪುಟ್ಟ ಉಪಕರಣವನ್ನು ಲೋಕಕ್ಕೆ ಪರಿಚಯಿಸಿದಂದಿನಿಂದ, ಪಾಪೆಯ ಮೂಲಕ ಬೆಳಕನ್ನು ಹಾಯಿಸಿ ಅಕ್ಷಿಪಟವನ್ನು ನೋಡುವುದು ವೈದ್ಯರಿಗೆ ಸಾಧ್ಯವಾಗಿದೆ. ಹಾಗೆ ನೋಡಿದಾಗ ಕಿತ್ತಳೆಗೆಂಪು ಬಣ್ಣದ ವಿಶಾಲವಾದ ಹಿನ್ನೆಲೆ ಕಾಣುತ್ತದೆ. ಅದರಲ್ಲಿ ಮೂಗಿನ ಕಡೆಗೆ ಸ್ವಲ್ಪ ಸರಿದು, ನಸುಗುಲಾಬಿ ಬಣ್ಣದ ದುಂಡನೆಯ ಬಿಂಬವೊಂದು ಇದೆ. ಅದರ ಅಗಲ ಸುಮಾರು ಒಂದೂವರೆ ಮಿಲಿಮೀಟರು. ಅಕ್ಷಿಪಟದ ಎಲ್ಲ ಕಡೆಗಳಿಂದಲೂ ಬಂದ ಹತ್ತು ಲಕ್ಷಕ್ಕೂ ಮಿಕ್ಕ ನರತಂತುಗಳು ಅಲ್ಲಿ ಒಟ್ಟುಗೂಡಿ, ದೃಷ್ಟಿನರವಾಗಿ ಮೆದುಳಿನತ್ತ ಹೊರಡುತ್ತವೆ. ಅದೇ ಬಿಂಬದ ನಡುವಿನಿಂದ ರಕ್ತನಾಳಗಳು ಹೊರಬಂದು ಮೇಲಕ್ಕೂ ಕೆಳಕ್ಕೂ ಕವಲೊಡೆಯುತ್ತವೆ. ಧಮನಿಗಳು ತಿಳಿಗೆಂಪಾಗಿ ತೆಳ್ಳಗಿರುತ್ತವೆ; ಸಿರೆಗಳು ಕಡುಗೆಂಪಾಗಿ ಕೊಂಚ ದಪ್ಪಗಿರುತ್ತವೆ. ಧಮನಿಯ ಅಗಲವನ್ನು ಎರಡು ಎಂದರೆ ಸಿರೆಯ ಅಗಲ ಮೂರು. ಅತಿ ದೊಡ್ಡ ನಾಳದ ದಪ್ಪವಾದರೂ ಮಿಲಿಮೀಟರಿನ ಒಂದು ಸಣ್ಣ ಭಾಗವಷ್ಟೆ. ಇವಲ್ಲದೆ ಬಿಂಬದ ಮೇಲೆಯೇ ಹಾದುಹೋಗುವ ಕೂದಲಿಗಿಂತ ಸೂಕ್ಷ್ಮವಾದ ಹತ್ತರಷ್ಟು ನಾಳಗಳನ್ನು ಸಹನೆಯಿಂದ ನೋಡಿದರೆ ಎಣಿಸಬಹುದು.

ಇಷ್ಟನ್ನು ನೆನಪಿನಲ್ಲಿಡಿ. ಗುಲಾಬಿ ಬಿಂಬ, ತಿಳಿಗೆಂಪು ಧಮನಿ, ಕಡುಗೆಂಪು ಸಿರೆ, ಬಿಂಬದ ಮೇಲಣ ಸೂಕ್ಷ್ಮನಾಳಗಳು. ಇದು ಆರೋಗ್ಯದ ಲಕ್ಷಣ. ಇನ್ನು ವಿಷ ಇಲ್ಲಿ ಎಲ್ಲಿ ತಾಗುತ್ತದೆಂಬುದಕ್ಕೆ ಬರೋಣ.

ನಾವು ಅಕ್ಷರವನ್ನು ಓದುವುದು, ಮುಖವನ್ನು ಗುರುತಿಸುವುದು, ಬಣ್ಣವನ್ನು ಬೇರ್ಪಡಿಸುವುದು ಅಕ್ಷಿಪಟದ ನಟ್ಟನಡುವಿನ ಒಂದು ಸಣ್ಣ ಪ್ರದೇಶದಿಂದ. ಆ ಪ್ರದೇಶದಿಂದ ಬಿಂಬಕ್ಕೆ ಬರುವ ತಂತುಗಳು ಉಳಿದೆಲ್ಲ ತಂತುಗಳಿಗಿಂತ ಸಪೂರವಾದವು. ಆದರೆ ಅವುಗಳ ದುಡಿಮೆ ಬಿಡುವಿಲ್ಲದ್ದು. ಆ ದುಡಿಮೆಗೆ ಬೇಕಾದ ಶಕ್ತಿಯನ್ನು ಪ್ರತಿಯೊಂದು ಜೀವಕೋಶದಲ್ಲಿಯೂ ಇರುವ ಮೈಟೊಕಾಂಡ್ರಿಯಗಳೆಂಬ ಕಣಗಳು ಒದಗಿಸುತ್ತವೆ. ದೃಷ್ಟಿನರವನ್ನು ಕೆಡಿಸುವ ಬಹುಪಾಲು ವಿಷಗಳು, ಅವು ಹುಟ್ಟಿನಲ್ಲಿಯೂ ಗುಣದಲ್ಲಿಯೂ ಎಷ್ಟೇ ಭಿನ್ನವಾಗಿದ್ದರೂ, ಕಡೆಗೆ ಹೋಗಿ ತಡೆಯುವುದು ಈ ಶಕ್ತಿಯ ಉತ್ಪಾದನೆಯನ್ನೇ. ಆದುದರಿಂದಲೇ ಹೊಡೆತ ಮೊದಲು ಬೀಳುವುದು ಈ ಸಪೂರ ತಂತುಗಳಿಗೆ. ಆದುದರಿಂದಲೇ ರೋಗಿಯ ದೃಷ್ಟಿಯ ನಡುಭಾಗ ಮೊದಲು ಮಸುಕಾಗುತ್ತದೆ, ಅಂಚು ಉಳಿಯುತ್ತದೆ. ಬಣ್ಣ ಮೊದಲು ಕಳೆಗುಂದುತ್ತದೆ, ಆಕಾರ ಉಳಿಯುತ್ತದೆ. ವಿಷವು ರಕ್ತದ ಮೂಲಕ ಬರುವುದರಿಂದ ಎರಡು ಕಣ್ಣುಗಳೂ ಸಾಧಾರಣವಾಗಿ ಸಮಸಮವಾಗಿ ಕೆಡುತ್ತವೆ. ನೋವು ಇರುವುದಿಲ್ಲ.

ವಿಷ ತಾಗುವುದು ಮೊದಲು ನರಕ್ಕೆ, ಅದರಲ್ಲಿಯೂ ನಡುದೃಷ್ಟಿಯ ತಂತುಗಳಿಗೆ, ಎಂಬುದು ಈಗ ತಿಳಿಯಿತಷ್ಟೆ. ಹಾಗಾದರೆ ರಕ್ತನಾಳಗಳ ಪಾಡೇನು? ಇದಕ್ಕೆ ಎರಡು ವಿಷಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಒಂದು ಒಂದೇ ದಿನದಲ್ಲಿ ಕೊಲ್ಲುವಂಥದು. ಇನ್ನೊಂದು ಜೀವವನ್ನು ಉಳಿಸಲೆಂದೇ ಕೊಡುವಂಥದು.

ಮೊದಲನೆಯದು ಮೆಥನಾಲ್. ಕಾರ್ಖಾನೆಗಳಲ್ಲಿ ಬಣ್ಣ, ವಾರ್ನಿಷು ಮೊದಲಾದುವುಗಳಿಗೆ ಬಳಸುವ ಈ ದ್ರವ ನೋಡಲು ನೀರಿನಂತಿದೆ, ವಾಸನೆಯಲ್ಲಿ ಮದ್ಯವನ್ನೇ ಹೋಲುತ್ತದೆ. ಲಾಭಕ್ಕಾಗಿ ಇದನ್ನು ಸಾರಾಯಿಯಲ್ಲಿ ಬೆರೆಸಿದ ಪಾಪಕ್ಕೆ ನಮ್ಮ ರಾಜ್ಯ ಘೋರವಾದ ಬೆಲೆಯನ್ನು ತೆತ್ತಿದೆ. ೧೯೮೧ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ವಿಷಮದ್ಯವನ್ನು ಕುಡಿದು ೩೦೦ಕ್ಕೂ ಹೆಚ್ಚು ಜನ ಸತ್ತರು. ಸರ್ಕಾರ ೨೦೦೭ರ ಜುಲೈಯಿಂದ ಸಾರಾಯಿಯನ್ನು ನಿಷೇಧಿಸಿದ ಮರುವರ್ಷವೇ, ೨೦೦೮ರ ಮೇ ತಿಂಗಳಲ್ಲಿ, ಬೆಂಗಳೂರಿನ ಸುತ್ತಲೂ ನೆರೆಯ ತಮಿಳುನಾಡಿನ ಗಡಿಯಲ್ಲಿಯೂ ಒಟ್ಟು ೧೫೦ಕ್ಕೂ ಹೆಚ್ಚು ಜನ ಇದೇ ರೀತಿಯಲ್ಲಿ ಪ್ರಾಣ ಬಿಟ್ಟರು. ಸತ್ತವರ ಸಂಖ್ಯೆಯನ್ನು ಪತ್ರಿಕೆಗಳು ಬರೆಯುತ್ತವೆ. ಬದುಕಿ ಉಳಿದು ಕಣ್ಣು ಕಳೆದುಕೊಂಡವರ ಮಾತು ಬೇಗ ಮರೆತುಹೋಗುತ್ತದೆ.

ಮೆಥನಾಲ್ ಹೊಟ್ಟೆಗೆ ಹೋದೊಡನೆ ಕಣ್ಣನ್ನು ಕೆಡಿಸುವುದಿಲ್ಲ. ಯಕೃತ್ತು ಅದನ್ನು ಮುರಿಯುತ್ತ ಹೋದಂತೆ ಫಾರ್ಮಿಕ್ ಆಮ್ಲ ಉಂಟಾಗುತ್ತದೆ. ನಿಜವಾದ ಹಂತಕ ಈ ಆಮ್ಲ. ಇದಕ್ಕೆ ಅರ್ಧ ದಿನ, ಒಂದು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಕುಡಿದವನು ರಾತ್ರಿ ನಿದ್ರೆ ಮಾಡಿ ಎದ್ದು, ಮರುದಿನ ಹೊತ್ತೇರುವಾಗ ಎದುರಿಗಿನದೆಲ್ಲ ಬಿಳಿಯ ಮಂಜಿನಲ್ಲಿ ಮುಳುಗಿದಂತೆ ಕಂಡು ಗಾಬರಿಯಾಗುವುದು ಇದರಿಂದಲೇ. ಆಗ ಕಣ್ಣಿನೊಳಗೆ ನೋಡಿದರೆ ಗುಲಾಬಿಯಾಗಿರಬೇಕಾದ ಬಿಂಬ ರಕ್ತ ತುಂಬಿ ಕೆಂಪೇರಿರುತ್ತದೆ, ಅದರ ಸುತ್ತಲೂ ಅಕ್ಷಿಪಟ ಊದಿ ಬೆಳ್ಳಗಾಗಿರುತ್ತದೆ, ಸಿರೆಗಳು ಉಬ್ಬಿರುತ್ತವೆ. ಇದು ಮೊದಲ ಹಂತ, ಬಾವಿನ ಹಂತ. ವಾರಗಳು ಕಳೆದಂತೆ ಬಾವು ಇಳಿಯುತ್ತದೆ, ಕೆಂಪೂ ಇಳಿಯುತ್ತದೆ. ಅಷ್ಟಕ್ಕೇ ನಿಂತರೆ ರೋಗಿ ಪುಣ್ಯವಂತ. ನಿಲ್ಲದಿದ್ದರೆ ಬಿಂಬ ಬಿಳಿಚಿಕೊಳ್ಳುತ್ತ ಹೋಗಿ ಕೊನೆಗೆ ಸುಣ್ಣದ ಬಣ್ಣಕ್ಕೆ ತಿರುಗುತ್ತದೆ, ಧಮನಿಗಳು ಸಣ್ಣಗಾಗಿ ದಾರದೆಳೆಯಷ್ಟೇ ಉಳಿಯುತ್ತವೆ.

ಹೀಗೆ ಮೆಥನಾಲಿನಲ್ಲಿ ನಾಳಗಳು ಮೊದಲು ತುಂಬಿ, ಆಮೇಲೆ ಸೊರಗುತ್ತವೆ. ಎರಡನೆಯ ಉದಾಹರಣೆ ಇದಕ್ಕಿಂತ ಮೌನವಾದುದು. ಆದುದರಿಂದ ಹೆಚ್ಚು ಎಚ್ಚರವನ್ನು ಬೇಡುವಂಥದು.

ಕ್ಷಯರೋಗಕ್ಕೆ ಸರ್ಕಾರ ಉಚಿತವಾಗಿ ಕೊಡುವ ಗುಳಿಗೆಯಲ್ಲಿ ಮೊದಲ ಎರಡು ತಿಂಗಳು ನಾಲ್ಕು ಔಷಧಗಳಿರುತ್ತವೆ, ಮುಂದಿನ ನಾಲ್ಕು ತಿಂಗಳು ಮೂರು. ಈ ಆರೂ ತಿಂಗಳು ಜೊತೆಗಿರುವ ಔಷಧಗಳಲ್ಲಿ ಒಂದರ ಹೆಸರು ಎಥಾಂಬ್ಯುಟಾಲ್. ೧೯೬೦ರ ದಶಕದಲ್ಲಿ ಬಳಕೆಗೆ ಬಂದ ಈ ಮದ್ದು ಅಸಂಖ್ಯ ಜೀವಗಳನ್ನು ಉಳಿಸಿದೆ. ಆದರೆ ದೃಷ್ಟಿನರಕ್ಕೆ ಇದು ಕೆಲವರಲ್ಲಿ ಒಗ್ಗುವುದಿಲ್ಲವೆಂಬುದು ಆ ದಶಕದ ಆರಂಭದಲ್ಲಿಯೇ ಗೊತ್ತಾಯಿತು. ಈಗ ಕೊಡುವ ಪ್ರಮಾಣದಲ್ಲಿ ಹೀಗಾಗುವುದು ನೂರರಲ್ಲಿ ಸುಮಾರು ಒಬ್ಬರಿಗೆ. ಈ ಔಷಧ ಮೂತ್ರಪಿಂಡಗಳ ಮೂಲಕ ಹೊರಹೋಗತಕ್ಕದ್ದಾದುದರಿಂದ ಮೂತ್ರಪಿಂಡ ದುರ್ಬಲವಾಗಿರುವವರಿಗೆ ಅಪಾಯ ಅಧಿಕ, ವಯಸ್ಸಾದವರಿಗೂ ಅಷ್ಟೆ.

ಕಮಲಾಪುರದ ಕಡೆಯ ಒಬ್ಬ ಬಾಳೆಯ ಬೆಳೆಗಾರನನ್ನು ಊಹಿಸಿಕೊಳ್ಳಿ. ಅರುವತ್ತರ ಹತ್ತಿರದ ವಯಸ್ಸು. ಕೆಮ್ಮು ನಿಂತಿದೆ, ತೂಕ ಏರುತ್ತಿದೆ, ಮುಖದಲ್ಲಿ ಕಳೆ ಬಂದಿದೆ. ಮನೆಯವರಿಗೆ ನೆಮ್ಮದಿ. ಅಂಥ ಹೊತ್ತಿನಲ್ಲಿ ಅವನು ಕಲಬುರಗಿಯ ಕಣ್ಣಿನ ವೈದ್ಯರಲ್ಲಿಗೆ ಬಂದು, "ಕಣ್ಣ ಮುಂದ ಮಂಜ ಕವಿದಂಗ ಆಗ್ಯಾದ ನೋಡ್ರಿ, ಚಾಳೀಸ ಬದಲ ಮಾಡಿ ಕೊಡ್ರಿ" ಎನ್ನುತ್ತಾನೆ. ವೈದ್ಯರು ಗಾಜುಗಳನ್ನು ಬದಲಿಸಿ ನೋಡುತ್ತಾರೆ. ಯಾವ ಗಾಜಿಗೂ ಮಂಜು ಹರಿಯದು. ಪೊರೆ ಇಲ್ಲ. ಪಾಪೆಯನ್ನು ಹಿಗ್ಗಿಸಿ ಒಳಗೆ ನೋಡಿದರೆ ಬಿಂಬ ಗುಲಾಬಿಯಾಗಿಯೇ ಇದೆ, ಧಮನಿಗಳು ಸರಿಯಾಗಿಯೇ ಇವೆ, ಸಿರೆಗಳೂ ಸರಿಯಾಗಿಯೇ ಇವೆ. ನೋಡಿದವರು ಎಲ್ಲವೂ ಸರಿಯಾಗಿದೆಯೆಂದು ಹೇಳಿ ಕಳುಹಿಸಿಬಿಡುವ ಅಪಾಯವಿರುವುದು ಈ ಘಳಿಗೆಯಲ್ಲಿ. ಬದಲಾಗಿ ಅವರು, "ಕಾಕಾ, ಬೇರೆ ಯಾವುದಕ್ಕರ ಗುಳಿಗಿ ತಗೋಳಾಕತ್ತೀರೇನು?" ಎಂದು ಒಂದು ಮಾತು ಕೇಳಿದರೆ, ಅಥವಾ ಕಾಕನೇ ತನ್ನ ಗುಳಿಗೆಯ ಪಟ್ಟಿಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟರೆ, ರೋಗದ ಮೂಲ ಸಿಕ್ಕಿಬೀಳುತ್ತದೆ.

ಏಕೆಂದರೆ ಎಥಾಂಬ್ಯುಟಾಲ್ ಕೆಡಿಸುವುದು ಕಣ್ಣುಗುಡ್ಡೆಯ ಹಿಂದೆ ಮರೆಯಾಗಿರುವ ನರಭಾಗವನ್ನು. ತಿಂಗಳುಗಳು ಸಂದ ಮೇಲೆ ಮಾತ್ರ ಬಿಂಬದ ಕಿವಿಯ ಕಡೆಯ ಅರ್ಧ ಬಿಳಿಚುತ್ತದೆ. ಆಗ ಆ ಭಾಗದ ಸೂಕ್ಷ್ಮನಾಳಗಳು ವಿರಳವಾಗುತ್ತವೆ. ಹತ್ತು ಎಣಿಸುತ್ತಿದ್ದಲ್ಲಿ ಐದಾರೂ ಸಿಕ್ಕುವುದಿಲ್ಲ. ನರವು ವಿಶೇಷವಾಗಿ ನಾಶವಾದರೆ ದೊಡ್ಡ ಧಮನಿಗಳೂ ಕಿರಿದಾಗುತ್ತವೆ. ಇತ್ತೀಚಿನ ಹತ್ತು ವರ್ಷಗಳಲ್ಲಿ ಬಳಕೆಗೆ ಬಂದ, ರಕ್ತಕ್ಕೆ ಯಾವ ಬಣ್ಣವನ್ನೂ ಚುಚ್ಚದೆ ಬೆಳಕಿನಿಂದಲೇ ಅಕ್ಷಿಪಟದ ಲೋಮನಾಳಗಳ ಜಾಲವನ್ನು ಚಿತ್ರಿಸುವ ಓಸಿಟಿ ಆಂಜಿಯೋಗ್ರಫಿ ಎಂಬ ತಂತ್ರ, ಬರಿಗಣ್ಣಿಗೆ ತೋರದ ಈ ವಿರಳತೆಯನ್ನು ಇನ್ನಷ್ಟು ಬೇಗ ತೋರಿಸಬಲ್ಲದು. ಆದರೂ ಆ ಯಂತ್ರ ಎಲ್ಲ ಕಡೆಯೂ ಇಲ್ಲ. ಇದ್ದಲ್ಲಿಯೂ ಅದು ರೋಗಿಯ ಮಾತಿಗೆ ಬದಲಿಯಲ್ಲ.

ಈವರೆಗೆ ಹೇಳಿದ್ದನ್ನು ಒಟ್ಟುಗೂಡಿಸೋಣ. ಮೆಥನಾಲಿನಲ್ಲಿ ನಾಳಗಳು ಮೊದಲು ಉಬ್ಬಿ, ಆಮೇಲೆ ಕಿರಿದಾದವು. ಎಥಾಂಬ್ಯುಟಾಲಿನಲ್ಲಿ ಮೊದಲು ಏನೂ ಆಗದೆ, ಆಮೇಲೆ ಕಿರಿದಾದವು. ದಾರಿ ಎರಡು, ಮುಟ್ಟಿದ ಊರು ಒಂದೇ. ಹಾಗಾದರೆ ನಾಳ ಕಿರಿದಾದ ಕಾರಣದಿಂದ ನರ ಸತ್ತಿತೋ, ನರ ಸತ್ತ ಕಾರಣದಿಂದ ನಾಳ ಕಿರಿದಾಯಿತೋ? ಇಂದಿನ ಮಾತಿನ ತಿರುಳು ಈ ಪ್ರಶ್ನೆಯಲ್ಲಿದೆ.

ಹಿಂದಿನ ಕಾಲದ ವೈದ್ಯರು, ವಿಶೇಷವಾಗಿ ಮಲೇರಿಯಾ ಜ್ವರಕ್ಕೆ ಕೊಡುವ ಕ್ವಿನೈನನ್ನು ಅತಿಯಾಗಿ ನುಂಗಿ ಕಣ್ಣು ಕಳೆದುಕೊಂಡವರಲ್ಲಿ ಧಮನಿಗಳು ವಿಪರೀತವಾಗಿ ಸಂಕುಚಿತವಾಗುವುದನ್ನು ಕಂಡವರು, ನಾಳಗಳ ಸಂಕೋಚವೇ ಕುರುಡಿಗೆ ಕಾರಣವೆಂದು ನಂಬಿದ್ದರು. ಆಮೇಲಿನ ಪರಿಶೀಲನೆಗಳಿಂದ ತಿಳಿದುಬಂದದ್ದು ಬೇರೆ. ದೃಷ್ಟಿ ಹೋದ ಮೊದಲ ಗಂಟೆಗಳಲ್ಲಿ ಅಂಥವರ ನಾಳಗಳು ಬಹುತೇಕ ಸಹಜವಾಗಿಯೇ ಇರುತ್ತವೆ. ಸಂಕೋಚ ಕಾಣಿಸಿಕೊಳ್ಳುವುದು ದಿನಗಳು, ವಾರಗಳು ಉರುಳಿದ ಮೇಲೆ. ವಿಷ ನೇರವಾಗಿ ಅಕ್ಷಿಪಟದ ಕೋಶಗಳನ್ನೇ ಹೊಡೆದಿರುತ್ತದೆ. ಬೆಳೆ ಒಣಗಿಹೋದ ಹೊಲಕ್ಕೆ ನೀರು ಬಿಡುವವರಿಲ್ಲದೆ ಕಾಲುವೆ ಹೂಳು ತುಂಬಿ ಕಿರಿದಾಗುವಂತೆ, ಉಣ್ಣುವ ತಂತುಗಳು ಸತ್ತ ಮೇಲೆ ಅಷ್ಟು ರಕ್ತ ಅಲ್ಲಿಗೆ ಬೇಕಾಗುವುದಿಲ್ಲ. ನಾಳಗಳು ತಮ್ಮ ಅಗಲವನ್ನು ಕುಗ್ಗಿಸಿಕೊಳ್ಳುತ್ತವೆ. ಬೇರೆ ಕಾರಣಗಳಿಂದ ದೃಷ್ಟಿನರ ನಶಿಸಿದವರಲ್ಲಿಯೂ ಧಮನಿಗಳು ಹೀಗೆಯೇ ಕಿರಿದಾಗುವುದು ಈ ಮಾತಿಗೆ ಸಮರ್ಥನೆ. ಅಂದರೆ ಬಹುಪಾಲು ವಿಷಬಾಧೆಗಳಲ್ಲಿ ನಾಳದ ಸಂಕೋಚ ರೋಗದ ಕಾರಣವಲ್ಲ, ಪರಿಣಾಮ. ಅದು ಕಾಣಿಸಿಕೊಂಡಾಗ ಕಾಲ ಮೀರಿರುತ್ತದೆ.

ಇದಕ್ಕೆ ಇನ್ನೊಂದು ಎಚ್ಚರಿಕೆಯನ್ನೂ ಸೇರಿಸಬೇಕು. ರಕ್ತದೊತ್ತಡ ಏರಿದವರ ಧಮನಿಗಳೂ ಕಿರಿದಾಗುತ್ತವೆ; ಸಕ್ಕರೆ ಕಾಯಿಲೆಯವರ ಸೂಕ್ಷ್ಮನಾಳಗಳೂ ಕೆಡುತ್ತವೆ. ಆದುದರಿಂದ ನಾಳಗಳನ್ನು ಮಾತ್ರ ನೋಡಿ ಇದು ವಿಷದಿಂದಲೇ ಆದುದೆಂದು ಯಾವ ವೈದ್ಯನೂ ಹೇಳಲಾರ. ಕೆಲವೊಮ್ಮೆ ಇದಕ್ಕೆ ವಿರುದ್ಧವಾದ ಚಿತ್ರವೂ ಉಂಟು. ವರ್ಷಗಟ್ಟಲೆ ತಂಬಾಕು ಮತ್ತು ಮದ್ಯದ ಮೇಲೆಯೇ ಬದುಕಿ ಹೊಟ್ಟೆಗೆ ಸರಿಯಾದ ಆಹಾರವಿಲ್ಲದವರಲ್ಲಿ, ಆರಂಭದ ದಿನಗಳಲ್ಲಿ ಬಿಂಬದ ಸುತ್ತಲಿನ ಸಣ್ಣ ನಾಳಗಳು ಹಿಗ್ಗಿ ಅಂಕುಡೊಂಕಾಗಿರುವುದನ್ನು ಕೆಲವರು ಗುರುತಿಸಿದ್ದಾರೆ. ೧೯೯೨ ಮತ್ತು ೧೯೯೩ರಲ್ಲಿ ಕ್ಯೂಬಾ ದೇಶದಲ್ಲಿ ಆಹಾರದ ಕೊರತೆಯ ಕಾಲಕ್ಕೆ ಸುಮಾರು ೫೦ ಸಾವಿರ ಜನರಿಗೆ ದೃಷ್ಟಿನರದ ಮತ್ತು ಕೈಕಾಲುಗಳ ನರದ ಬಾಧೆ ತಗುಲಿತು. ತಂಬಾಕು ಸೇದುವವರಿಗೆ ಅಪಾಯ ಹೆಚ್ಚಾಗಿತ್ತು. ಜನರಿಗೆಲ್ಲ ಬಿ ಜೀವಸತ್ತ್ವಗಳನ್ನು ಹಂಚಿದ ಮೇಲೆ ಆ ಪಿಡುಗು ಇಳಿಯಿತು. ಜೋಳದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಹಾಲುಮೊಸರುಗಳ ಊಟ ನಮ್ಮ ನಾಡಿನದು. ಅದನ್ನು ಬಿಟ್ಟು ತಂಬಾಕಿನಿಂದ ಹಸಿವೆಯನ್ನು ಕೊಲ್ಲುವುದು ಕಣ್ಣಿಗೂ ಮಾಡುವ ದ್ರೋಹ.

ಇಷ್ಟು ಹೇಳಿದ ಮೇಲೆ ಮುಖ್ಯ ಮಾತು ಸ್ಪಷ್ಟವಾಗಿದೆ. ನಾಳಗಳ ಬದಲಾವಣೆ ತಡವಾಗಿ ಬರುತ್ತದೆ, ಅದೊಂದನ್ನೇ ನಂಬಲಾಗದು. ಹಾಗಾದರೆ ಬೇಗನೆ ಬರುವ ಲಕ್ಷಣ ಯಾವುದು? ಅದು ನಿಮಗೆ ಮಾತ್ರ ಗೊತ್ತಾಗತಕ್ಕದ್ದು. ಅದು ಬಣ್ಣ, ಅದರಲ್ಲಿಯೂ ಕೆಂಪು.

ಕೆಂಪನ್ನು ಪರೀಕ್ಷಿಸಲು ನಮ್ಮವರು ದೂರ ಹೋಗಬೇಕಾಗಿಲ್ಲ. ಕಲಬುರಗಿಯಿಂದ ಹುಮನಾಬಾದಿನ ರಸ್ತೆಯಲ್ಲಿ ಸುಮಾರು ೩೫ ಕಿಲೋಮೀಟರು ಹೋದರೆ ಕಮಲಾಪುರ. ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆದ ಕೆಂಪು ಬಾಳೆಯ ಊರು. ಅಂಥ ಒಂದು ಹಣ್ಣನ್ನು ಹಗಲ ಬೆಳಕಿನಲ್ಲಿ ತೋಳಿನಳತೆಯ ದೂರದಲ್ಲಿಡಿ. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ. ಹಣ್ಣನ್ನು ನೇರವಾಗಿ ನೋಡಿ. ಆಮೇಲೆ ದೃಷ್ಟಿಯನ್ನು ಗೇಣುದೂರ ಪಕ್ಕಕ್ಕೆ ಸರಿಸಿ, ಓರೆಗಣ್ಣಿಗೆ ಆ ಸಿಪ್ಪೆಯ ಬಣ್ಣ ಹೇಗೆ ಕಾಣುತ್ತದೆ ಗಮನಿಸಿ. ಆರೋಗ್ಯವಾದ ಕಣ್ಣಿಗೆ ನೇರನೋಟದಲ್ಲಿ ಕೆಂಪು ಹೆಚ್ಚು, ಓರೆನೋಟದಲ್ಲಿ ಕಡಿಮೆ. ಇದು ತಿರುವುಮುರುವಾಗಿ, ನೇರ ನೋಡಿದಾಗ ಕೆಂಪು ಕಂದಿ ಮಣ್ಣಿನ ಬಣ್ಣವಾಗಿ, ಓರೆಯಾಗಿ ನೋಡಿದಾಗ ಮತ್ತೆ ಕೆಂಪೇರಿದಂತೆ ತೋರಿದರೆ, ನಡುದೃಷ್ಟಿಯ ತಂತುಗಳಿಗೆ ಏನೋ ತೊಂದರೆಯಾಗಿದೆಯೆಂದು ತಿಳಿಯಿರಿ. ಇನ್ನೊಂದು ಕಣ್ಣಿಗೂ ಹಾಗೆಯೇ ಮಾಡಿ. ಎರಡು ಕಣ್ಣುಗಳೂ ಸಮವಾಗಿ ಕೆಡುವ ರೋಗವಾದುದರಿಂದ ಒಂದನ್ನು ಇನ್ನೊಂದರೊಡನೆ ಹೋಲಿಸಿದರೆ ವ್ಯತ್ಯಾಸ ತಿಳಿಯದೆ ಹೋಗಬಹುದು. ಆದುದರಿಂದ ಮಗನನ್ನೋ ಸೊಸೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಅವರಿಗೆ ಕಾಣುವ ಬಣ್ಣವನ್ನೂ ಕೇಳಿ. ಹಣ್ಣಿಲ್ಲದಿದ್ದರೆ ಮಾಗಿದ ಟೊಮ್ಯಾಟೊ ಆದೀತು, ಕೆಂಪು ಬಟ್ಟೆ ಆದೀತು. ಇದು ವೈದ್ಯಪರೀಕ್ಷೆಗೆ ಬದಲಿಯಲ್ಲ. ಬಣ್ಣ ಸರಿಯಾಗಿ ಕಂಡಿತೆಂದು ಕಣ್ಣಿನ ಮಬ್ಬನ್ನು ಅಲಕ್ಷ್ಯ ಮಾಡಲೂ ಬಾರದು.

ಕೆಂಪು ಕಂದುವುದು ಮೊದಲ ಸೂಚನೆಯೆಂದಾಯಿತು. ಕೊನೆಯದಾಗಿ, ಆ ಸೂಚನೆಗೆ ಮೊದಲೂ ಅದು ಬಂದಾಗಲೂ ಮಾಡಬೇಕಾದುದು.

ಕ್ಷಯದ ಔಷಧ ತೆಗೆದುಕೊಳ್ಳಬೇಕಾದವರು, ಚಿಕಿತ್ಸೆ ಆರಂಭವಾಗುವ ಮೊದಲೇ ಒಮ್ಮೆ ಕಣ್ಣುಗಳನ್ನು ತೋರಿಸಿ, ಓದುವ ಶಕ್ತಿಯನ್ನೂ ಬಣ್ಣದ ಅರಿವನ್ನೂ ಬರೆಸಿಟ್ಟುಕೊಳ್ಳಿ. ಮುಂದೆ ಹೋಲಿಸಲು ಅದು ಬೇಕು. ಮೂತ್ರಪಿಂಡದ ಕಾಯಿಲೆಯಿದ್ದರೆ ಅದನ್ನು ಮೊದಲೇ ತಿಳಿಸಿ. ಕಣ್ಣು ಮಂಜಾದರೆ ಮುಂದಿನ ತಿಂಗಳ ಸರದಿಗೆ ಕಾಯದೆ, ಗುಳಿಗೆ ಕೊಡುವ ಕೇಂದ್ರಕ್ಕೆ ಅಂದೇ ಹೇಳಿ. ಆದರೆ ನೀವಾಗಿಯೇ ಎಲ್ಲ ಗುಳಿಗೆಗಳನ್ನೂ ನಿಲ್ಲಿಸಬೇಡಿ. ಕಣ್ಣಿಗೆ ಒಗ್ಗದ ಒಂದನ್ನು ತೆಗೆದು ಉಳಿದವನ್ನು ಮುಂದುವರಿಸುವ ಕ್ರಮ ವೈದ್ಯರಿಗೆ ಗೊತ್ತಿದೆ. ಎಲ್ಲವನ್ನೂ ಬಿಟ್ಟರೆ ಕ್ಷಯ ಮರಳಿ, ಮದ್ದಿಗೆ ಬಗ್ಗದ ರೂಪವನ್ನು ತಾಳಬಹುದು. ಕಣ್ಣಿಗೆ ಒಗ್ಗದ ಆ ಒಂದನ್ನು ಬೇಗ ನಿಲ್ಲಿಸಿದವರಲ್ಲಿ ಅನೇಕರಿಗೆ ವಾರಗಳಲ್ಲಿ, ತಿಂಗಳುಗಳಲ್ಲಿ ದೃಷ್ಟಿ ಮರಳುತ್ತದೆ. ಬಿಂಬ ಬಿಳಿಚಿ ನಾಳ ಸೊರಗಿದ ಮೇಲೆ ಬಂದವರಿಗೆ ಆ ಭರವಸೆಯನ್ನು ಕೊಡುವುದು ಕಷ್ಟ.

ಕಳ್ಳಭಟ್ಟಿ ಕುಡಿದವರ ವಿಷಯದಲ್ಲಿ ಒಂದೇ ಮಾತು. ಜೊತೆಯಲ್ಲಿ ಕುಡಿದ ಒಬ್ಬನಿಗೆ ಕಣ್ಣು ಮಂಜಾದರೆ, ಹೊಟ್ಟೆನೋವು, ವಾಂತಿ, ಏದುಸಿರು ಬಂದರೆ, ಆ ಕೂಟದ ಎಲ್ಲರೂ, ಏನೂ ಆಗಿಲ್ಲವೆನ್ನುವವರೂ ಸಹ, ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮೆಥನಾಲು ಆಮ್ಲವಾಗುವುದನ್ನು ತಡೆಯುವ ಚಿಕಿತ್ಸೆ ಉಂಟು. ಆದ ಆಮ್ಲವನ್ನು ಡಯಾಲಿಸಿಸ್ಸಿನಿಂದ ತೆಗೆಯುವುದೂ ಉಂಟು. ಎರಡೂ ಗಂಟೆಗಳ ಲೆಕ್ಕದ ಕೆಲಸ. ಪೊಲೀಸರ ಭಯದಿಂದ, ಮರ್ಯಾದೆಯ ಭಯದಿಂದ ಮನೆಯಲ್ಲಿ ಮಲಗಿಸಿಕೊಂಡವರು ಕಳೆದುಕೊಂಡದ್ದು ಕಣ್ಣನ್ನು ಮಾತ್ರವಲ್ಲ. ಕಮಲಾಪುರದಿಂದ ಕಲಬುರಗಿಗೆ ಒಂದು ತಾಸಿನ ಹಾದಿ. ಇಲ್ಲಿ ಸರ್ಕಾರಿ ವೈದ್ಯಕೀಯ ಸಂಸ್ಥೆಯಾದ ಜಿಮ್ಸ್ ಇದೆ. ೧೯೬೩ರಷ್ಟು ಹಿಂದೆಯೇ ಆರಂಭವಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಇದೆ. ಹಿಂದಿನ ತಲೆಮಾರಿಗೆ ಹೈದರಾಬಾದೋ ಸೊಲ್ಲಾಪುರವೋ ಗತಿಯಾಗಿದ್ದ ಕಾಲ ಇದಲ್ಲ.

ಕಣ್ಣಿನ ವೈದ್ಯರಲ್ಲಿಗೆ ಹೋಗುವಾಗ ಚಾಳೀಸನ್ನು ಹೇಗೆ ಮರೆಯದೆ ಒಯ್ಯುತ್ತೀರೋ ಹಾಗೆಯೇ ನೀವು ನುಂಗುವ ಪ್ರತಿಯೊಂದು ಗುಳಿಗೆಯ ಪಟ್ಟಿಯನ್ನೂ ಒಯ್ಯಿರಿ. ತಂಬಾಕಿನ ವಿಷಯವನ್ನೂ ಕುಡಿತದ ವಿಷಯವನ್ನೂ ಮುಚ್ಚಿಡದೆ ಹೇಳಿರಿ. ವೈದ್ಯರು ಕೇಳದಿದ್ದರೂ ಹೇಳಿರಿ. ಅಕ್ಷಿಪಟದ ನಾಳಗಳು ನಮಗೆ ತೋರಿಸುವುದು ಆಗಿಹೋದ ನಷ್ಟವನ್ನು; ಆಗಲಿರುವ ನಷ್ಟವನ್ನು ತಡೆಯುವ ಶಕ್ತಿ ಇರುವುದು, ಕಣ್ಣು ಮಂಜಾದ ದಿನವೇ ನೀವು ಆಡುವ ಆ ಒಂದು ಮಾತಿಗೆ.